ರುದ್ರಣ್ಣನ ಎದುರಿನ ಜಾಗ

ಕಳೆದ ವರ್ಷ ನಾನು ಅಜ್ಜಂಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಬೋಧಕಿಯಾಗಿದ್ದೆ. ಕಡೂರು, ತರೀಕೆರೆ ಕಡೆಯ ವೀರಗಾಸೆ ತಂಡಗಳು ತಮ್ಮ ಕುಣಿತವನ್ನು ಆಗ್ಮೆಂಟೆಡ್ ರಿಯಾಲಿಟಿಯಲ್ಲಿ ಉಳಿಸಿಕೊಡಿ ಎಂದು ನಮ್ಮನ್ನು ಕೇಳಿದ್ದವು. ಕುಣಿಯುವವರ ಮೈಗೆ ಸೆನ್ಸರ್ ಕಟ್ಟಿ ಚಲನೆಯನ್ನು ದಾಖಲಿಸುತ್ತೇವೆ. ಆಮೇಲೆ ಯಾವ ಅಂಗಳಕ್ಕೆ ಫೋನ್ ಹಿಡಿದರೂ, ಪರದೆಯಲ್ಲಿ ಅದೇ ಅಂಗಳದ ಮೇಲೆ ಆಳೆತ್ತರದ ಆಕೃತಿ ಕುಣಿಯುತ್ತದೆ. ಅದನ್ನು ನೋಡಿ ಕಲಿಯಬಹುದು.

ಮೊದಲು ದಾಖಲಾಗಬೇಕಿದ್ದವರು ನನ್ನ ಯಜಮಾನರು ಶಿವಣ್ಣ ಮತ್ತು ಅವರ ಜೋಡಿ, ಸಖರಾಯಪಟ್ಟಣದ ರುದ್ರಣ್ಣ. ಇವರ ತಂಡದಲ್ಲಿ ಇಬ್ಬರು ಎದುರುಬದುರು ಕುಣಿಯುವುದು ಪದ್ಧತಿ. ಒಬ್ಬ ಖಡ್ಗ ಬೀಸಿದಾಗ ಇನ್ನೊಬ್ಬ ಬಗ್ಗಬೇಕು. ಸೆನ್ಸರ್ ಬರುವ ಮೊದಲೇ ಯಜಮಾನರು ಹೋದರು. ಬೆಳಿಗ್ಗೆ ಕಾಫಿ ಕುಡಿದವರು ಎದೆ ಹಿಡಿದುಕೊಂಡು ಕೂತರು, ಅಷ್ಟೇ. ಮನೆಯಲ್ಲಿ ಕೂರಲಾಗದೆ ನಾನು ಕೆಲಸಕ್ಕೆ ಮರಳಿದೆ.

ರುದ್ರಣ್ಣ ಒಬ್ಬರೇ ಬಂದರು. "ಬೇರೆ ಜೋಡಿ ಕಟ್ಕಳಲ್ಲ ಕಣಮ್ಮ. ಇದೊಂದ್ಸಲ ಕುಣಿದು ಖಡ್ಗ ಇಟ್ಬಿಡ್ತೀನಿ," ಎಂದು ಕುಣಿದು ಹೋದರು. ಫೈಲನ್ನು ಸಿದ್ಧಪಡಿಸಿದ್ದು ಸಹೋದ್ಯೋಗಿ ಗಿರೀಶ.

ಮುಂದಿನ ವಾರ ಕೇಂದ್ರದ ಅಂಗಳಕ್ಕೆ ಹಿಡಿದ ಫೋನನ್ನು ಟಿವಿಗೆ ಜೋಡಿಸಿ ತಂಡದವರಿಗೆ ತೋರಿಸಿದೆವು. ಆಕೃತಿ ಎಲ್ಲೂ ನಿಲ್ಲದೆ ಕುಣಿಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ರುದ್ರಣ್ಣನ ಮುಖ ಕಪ್ಪಿಟ್ಟಿತು.

"ಶಿವಣ್ಣ ಎಲ್ಲೋ?"

ರುದ್ರಣ್ಣ ಗಿರೀಶನ ಕಡೆ ತಿರುಗಿ ಟಿವಿ ತೋರಿಸಿದರು.

"ಅವ್ನು ಬೀಸೋ ಹೊತ್ಗೆ ನಾನು ಬಗ್ಗಿ ಕಾದಿದ್ನಲ್ಲ, ಅದೆಲ್ಲಿ ಹೋಯ್ತು?"

"ಅಲ್ಲಲ್ಲೇ ನಿಂತ್ಬಿಡ್ತಿದ್ರಲ್ಲಣ್ಣ, ಮರ್ತೋಯ್ತೇನೋ ಅಂತ ಕಟ್ ಮಾಡ್ದೆ."

"ಲೇ, ಅರ್ಧ ಕುಣಿತ ಅವನ್ದು ಕಣೋ. ಕಿತ್ತಾಕ್ಬಿಟ್ಯಲ್ಲೋ."

ನನಗೆ ಯಜಮಾನರು ಎರಡನೇ ಸಲ ಹೋದಂತಾಯಿತು. ಮತ್ತೊಮ್ಮೆ ಕುಣಿಯಿರಿ ಎಂದು ಗಿರೀಶ ಬೇಡಿಕೊಂಡ. ರುದ್ರಣ್ಣ ಆಗಲ್ಲ ಎಂದು ತಲೆಯಾಡಿಸಿದರು.

ಸೆನ್ಸರ್ ಪೆಟ್ಟಿಗೆಯ ಮೆಮೊರಿ ಕಾರ್ಡಿನಲ್ಲಿ ಮೂಲ ದಾಖಲೆ ಇನ್ನೂ ಅಳಿಸಿರಲಿಲ್ಲ. ಅದನ್ನು ಒಂದಿಷ್ಟೂ ಕತ್ತರಿಸದೆ ಹಾಕಿದೆವು. ಈಗ ಆಕೃತಿ ಬಗ್ಗಿ, ಖಾಲಿ ನೆಲದ ಕಡೆ ನೋಡುತ್ತಾ ಕಾಯುತ್ತಿತ್ತು. ನನಗೆ ಅತ್ತ ನೋಡಲಾಗಲಿಲ್ಲ. ನೋಡಲು ಬಂದಿದ್ದ ಪಂಚನಹಳ್ಳಿಯ ಮಹಿಳಾ ತಂಡದ ಗೌರಮ್ಮ ಖಡ್ಗ ಹಿಡಿದು ಹೋಗಿ ಆ ಜಾಗದಲ್ಲಿ ನಿಂತಳು. ಟಿವಿಯಲ್ಲಿ ಇಬ್ಬರೂ ಎದುರುಬದುರಾಗಿ ಕಂಡರು.

"ಈಗ ಬೀಸವ್ವ," ರುದ್ರಣ್ಣ ಕೂತಲ್ಲಿಂದಲೇ ಹೇಳಿದರು. "ಏನ್ ಹಂಗ್ ಹೆದರ್ಕತೀಯ? ಅವ್ನು ನನ್ ತಲೆನೇ ತೆಗೆಯೋ ಹಂಗೆ ಬೀಸೋನು."

ಆಕೆ ಬೀಸಿದಳು. ಆಕೃತಿ ಖಡ್ಗದ ಕೆಳಗೆ ನುಸುಳಿ ಮೇಲೆದ್ದಿತು.

ಈಗ ಯಾವ ಊರಿಗೆ ಹೋದರೂ ನಾನು ಮೊದಲು ಕೇಳುವುದು, ನಿಮ್ಮ ಎದುರು ಯಾರು ಕುಣಿಯುತ್ತಿದ್ದರು ಎಂದು. ಅದು ತಿಳಿದ ಮೇಲೆಯೇ ಸೆನ್ಸರ್ ಕಟ್ಟುತ್ತೇನೆ.