ಬೀಳದ ಗೇರು

ಇಷ್ಟು ವರ್ಷ ಹುಡುಗರಿಗೆ ವ್ಯಾಕರಣ ಹೇಳಿದ ನನಗೆ ‘ಬೀಳು’ ಎಂಬ ಸಾಮಾನ್ಯ ಧಾತುವಿನ ಅರ್ಥ ತಿಳಿಯದೆಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ಮಳೆ ಬೀಳುತ್ತದೆ, ಮರ ಬೀಳುತ್ತದೆ, ಇವುಗಳಲ್ಲಿ ತೊಡಕಿಲ್ಲ. ಆದರೆ ಕನಸು ಬೀಳುವಾಗ ಎಲ್ಲಿಂದ ಬೀಳುತ್ತದೆ? ಕಣ್ಣಿಗೆ ಬಿದ್ದವನಿಗೆ ಪೆಟ್ಟಾಗುವುದಿಲ್ಲವೇಕೆ? ಶಾಲೆಯಲ್ಲಿದ್ದಾಗ ಇಂತಹ ಪ್ರಶ್ನೆ ಕೇಳಿದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಶಾಲೆಯ ಕೆಲಸ ಬಿಟ್ಟ ಮೇಲೆ, ಹುಣಸೂರಿನ ಮೋಟಾರು ಶೆಡ್ಡೊಂದರಲ್ಲಿ, ಆ ಬೆಂಚನ್ನು ಹತ್ತುವ ಸರದಿ ನನ್ನದಾಯಿತು.

ಮೇಷ್ಟರಿಗೂ ಮೋಟಾರಿಗೂ ಎತ್ತಣ ನಂಟೆಂದು ನೀವು ಕೇಳಬಹುದು. ಕೊಡಗಿನ ಕಾಫಿ ತೋಟದ ಬಿಳಿಯ ದೊರೆಯೊಬ್ಬರಿಗೆ ಕನ್ನಡ ಕಲಿಸಿದ್ದೆ. ಅವರು ತಮ್ಮ ಸೀಮೆಗೆ ಹಿಂದಿರುಗುವಾಗ ತಮ್ಮ ಹಳೆಯ ಸ್ಪೋರ್ಟ್ಸ್ ಕಾರನ್ನು ಗುರುದಕ್ಷಿಣೆಯೆಂದು ನಮ್ಮ ಮನೆಯ ಮುಂದೆ ನಿಲ್ಲಿಸಿ ಹೋದರು. ಪಂದ್ಯದಲ್ಲಿ ಓಡಲೆಂದು ಮಾಡಿದ, ತಲೆಯ ಮೇಲೆ ಸೂರಿಲ್ಲದ, ಉದ್ದ ಮೂತಿಯ ವಾಹನ. ಅದರಲ್ಲಿ ಇಬ್ಬರಿಗೆ ಮಾತ್ರ ಜಾಗ.

ಸಂಸ್ಕೃತದಲ್ಲಿ ಇಬ್ಬರಿಗೆಂದೇ ದ್ವಿವಚನವಿದೆ. ಕನ್ನಡದಲ್ಲಿ ಒಬ್ಬರಾದರೆ ಏಕವಚನ, ಇಬ್ಬರಾದೊಡನೆಯೇ ಬಹುವಚನ. ನಮ್ಮ ಮನೆಯ ವ್ಯಾಕರಣವೂ ಕನ್ನಡದ್ದೇ: ಅವ್ವ, ಅಣ್ಣ, ಅತ್ತಿಗೆ, ಅವರ ಮಕ್ಕಳು, ಬಂದು ಹೋಗುವ ನೆಂಟರು. ನಾನೂ ನನ್ನ ಹೆಂಡತಿಯೂ ಇಬ್ಬರೇ ಕುಳಿತು ಮಾತನಾಡಲು ಒಂದು ಮೂಲೆಯಿರಲಿಲ್ಲ. ಆ ಕಾರು ಬಂದ ಮೇಲೆ ನಮ್ಮ ಸಂಸಾರಕ್ಕೆ ದ್ವಿವಚನ ಒದಗಿತು.

ಭಾನುವಾರಗಳಲ್ಲಿ ಬಿಳಿಕೆರೆಯವರೆಗೆ ಹೋಗಿಬರುತ್ತಿದ್ದೆವು. ಗೇರಿನ ಪೆಟ್ಟಿಗೆ ರಾಗಿಕಲ್ಲಿನಂತೆ ಗೊರಗುಟ್ಟುತ್ತಿತ್ತು. ಮನೆಯಲ್ಲಿ ತುಟಿ ಬಿಚ್ಚದವಳು ದಾರಿಯುದ್ದಕ್ಕೂ ಮಾತನಾಡುತ್ತಿದ್ದಳು. ಆ ಸದ್ದಿನಲ್ಲಿ ನನಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಸಾಲುಮರಗಳ ವಿಚಾರವಿರಬೇಕೆಂದು ಊಹಿಸಿ, “ಹೌದು, ಹೌದು” ಎನ್ನುತ್ತಿದ್ದೆ.

ಒಂದು ದಿನ ಕಾರು ನಡುದಾರಿಯಲ್ಲಿ ನಿಂತಿತು. ಎತ್ತು ಕಟ್ಟಿ ಎಳೆಸಿ ತಂದದ್ದನ್ನು ಶೆಡ್ಡಿನ ಮೇಸ್ತ್ರಿ ಜವರಯ್ಯ ಬಿಚ್ಚಿ ನೋಡಿದ.

“ಗೇರು ಬೀಳಾಕಿಲ್ಲ ಮೇಷ್ಟ್ರೇ.”

“ಬೀಳದಿರುವುದು ಒಳ್ಳೆಯದಲ್ಲವೇ?”

“ಅಯ್ ಬುಡಿ! ಬಿದ್ರೆ ತಾನೆ ಗಾಡಿ ಓಗೋದು?”

“ಮತ್ತೇಕೆ ಬೀಳುವುದಿಲ್ಲ?”

“ಒಳಗೆ ಚಕ್ರದ ಅಲ್ಲೆಲ್ಲ ಬಿದ್ದೋಗವೆ ಕಣ್ರೀ. ಅದ್ಕೇ ಬೀಳಾಕಿಲ್ಲ.”

ಹಲ್ಲು ಬಿದ್ದುದರಿಂದ ಗೇರು ಬೀಳುವುದಿಲ್ಲ! ಕಾರಣವೂ ಕಾರ್ಯವೂ ಒಂದೇ ಧಾತುವಿನಿಂದ ಹುಟ್ಟಿ ಒಂದನ್ನೊಂದು ಅಲ್ಲಗಳೆಯುವ ವಾಕ್ಯವನ್ನು ನಾನು ಎಂದೂ ಕಂಡಿರಲಿಲ್ಲ. ಕರ್ತೃಪದ ಯಾವುದೆಂದು ವಿಚಾರಿಸಿದೆ. “ನಿಮ್ ಪದ ಆಮ್ಯಾಕೆ ನೋಡವ, ಮೊದ್ಲು ಪೆಟ್ಗೆ ಬದಲಾಯಿಸ್ಬೇಕು,” ಎಂದ. ಇದೇ ಕಂಪನಿಯ ದೊಡ್ಡ ಕಾರೊಂದು ಪಿರಿಯಾಪಟ್ಟಣದ ಬಳಿ ಮರಕ್ಕೆ ಗುದ್ದಿ ನಿಂತಿದೆಯಂತೆ. ಅದರ ಗೇರಿನ ಪೆಟ್ಟಿಗೆ ನೆಟ್ಟಗಿದೆಯಂತೆ. “ಇದ್ಕೆ ಕೂತ್ಕತದಾ?” ಎಂದು ತನ್ನನ್ನೇ ಕೇಳಿಕೊಂಡು, “ಕೂತ್ರೂ ಕೂತ್ಕಬೌದು,” ಎಂದು ತಾನೇ ಉತ್ತರಿಸಿದ.

ಮನೆಯಲ್ಲಿ ಅಣ್ಣ ಬೇರೆಯೇ ತೀರ್ಪು ಕೊಟ್ಟ. “ಮಾರ್ಬುಡ್ಲಾ ಅದ್ನ. ಒಂದ್ ಮೂಟೆ ರಾಗಿ ಇಡಾಕೂ ಜಾಗ್ವಿಲ್ಲ, ಅದೂ ಒಂದ್ ಗಾಡಿಯಾ?”

ನಾನು ತಲೆಯಾಡಿಸುವಷ್ಟರಲ್ಲಿ ಬಾಗಿಲ ಹಿಂದಿನಿಂದ ದನಿ ಬಂತು: “ಮಾರೋದು ಬ್ಯಾಡ.”

ಭಾವನ ಎದುರಿಗೆ ನನ್ನ ಹೆಂಡತಿ ಮಾತನಾಡಿದ್ದು ಅದೇ ಮೊದಲು. ಅಣ್ಣ ಬೆಪ್ಪಾದ. ನಾನು ಅವನಿಗಿಂತಲೂ ಹೆಚ್ಚು ಬೆಪ್ಪಾದೆ. ಸಾಲುಮರಗಳ ಮೇಲೆ ಅವಳಿಗೆ ಇಷ್ಟು ಪ್ರೀತಿಯೇ?

ಒಂದಕ್ಷರದ ಜಾಗಕ್ಕೆ ಇನ್ನೊಂದು ಬಂದು ಕೂರುವುದಕ್ಕೆ ವ್ಯಾಕರಣದಲ್ಲಿ ಆದೇಶವೆಂದು ಹೆಸರು. ಮಳೆಯೂ ಕಾಲವೂ ಸೇರಿ ‘ಮಳೆಗಾಲ’ವಾಗುವಾಗ ಕಕಾರ ಹೋಗಿ ಗಕಾರ ಬರುತ್ತದೆ, ಹೋದ ಕಕಾರಕ್ಕಾಗಿ ಯಾರೂ ಅಳುವುದಿಲ್ಲ. ಗೇರಿನ ಪೆಟ್ಟಿಗೆಯ ವಿಷಯದಲ್ಲಿಯೂ ಹಾಗೆಯೇ ಎಂದು ನಂಬಿದೆ. ಜವರಯ್ಯ ತಿಣುಕಿ, ತಟ್ಟಿ, ಬೈದು, ಅಂತೂ ಪಿರಿಯಾಪಟ್ಟಣದ ಪೆಟ್ಟಿಗೆಯನ್ನು ಕೂರಿಸಿದ. ಗೇರು ಬೆಣ್ಣೆಯಲ್ಲಿ ಬಿದ್ದಂತೆ ಬಿದ್ದಿತು.

ಮುಂದಿನ ಭಾನುವಾರ ಹೊರಟೆವು. ಸದ್ದೇ ಇಲ್ಲ. ಅವಳ ಮಾತೂ ಇಲ್ಲ. ಬಿಳಿಕೆರೆ ಬಂದರೂ ಕೈಕಟ್ಟಿ ಕುಳಿತೇ ಇದ್ದಳು. ನಾನು ಕಾರು ನಿಲ್ಲಿಸಿದೆ.

“ಏಕೆ ಮಾತನಾಡುತ್ತಿಲ್ಲ?”

“ಆಡಿದ್ರೆ ಈಗ ನಿಮ್ಗೆ ಕೇಳ್ತದಲ್ಲ!”

“ಕೇಳಲೆಂದೇ ಅಲ್ಲವೇ ಆಡುವುದು?”

“ಕೇಳೋರ್ ಮುಂದೆ ಎಲ್ಲಾನೂ ಯೋಳಾಕಾಯ್ತದಾ? ಇಸ್ಟು ದಿನ ನಿಮ್ಮನ್ನ, ನಿಮ್ಮಣ್ಣನ್ನ, ನಿಮ್ಮವ್ವನ್ನ, ಒಬ್ರನ್ನೂ ಬುಡ್ದಂಗೆ ಬೈದಿವ್ನಿ. ನೀವೂ ಎಲ್ಲದ್ಕೂ ಹೌದು ಹೌದು ಅಂದ್ರಿ. ಮನ್ಸು ಎಸ್ಟು ಅಗುರಾಯ್ತಿತ್ತು!” ಎಂದು ಹೊಸ ಗೇರಿನ ಹಿಡಿಯನ್ನು ಸವತಿಯನ್ನು ನೋಡುವಂತೆ ನೋಡಿದಳು.

ನಾನು ಸಿಟ್ಟಾಗಬೇಕಿತ್ತೋ, ನಗಬೇಕಿತ್ತೋ, ಆಕೆಯ ಕ್ರಿಯಾರೂಪಗಳನ್ನು ತಿದ್ದಬೇಕಿತ್ತೋ, ಈಗಲೂ ನಿರ್ಧರಿಸಲಾರೆ. ಕಾರನ್ನು ತಿರುಗಿಸಿಕೊಂಡು ಹೊರಟವನು, ಏನು ತೋಚಿತೋ ಕಾಣೆ, ಮೂರನೆಯ ಗೇರಿಗೆ ಹೋಗಲೇ ಇಲ್ಲ. ಎರಡನೆಯದರಲ್ಲಿಯೇ ಕಾರನ್ನು ಓಡಿಸಿದೆ. ಎಂಜಿನ್ನು ಅರಚತೊಡಗಿತು. ಅವಳು ಒಮ್ಮೆ ನನ್ನ ಮುಖವನ್ನೂ ಒಮ್ಮೆ ನನ್ನ ಕೈಯನ್ನೂ ನೋಡಿದಳು. ಸೆರಗನ್ನು ತಲೆಗೆ ಬಿಗಿದುಕೊಂಡಳು, ಮಾತು ಶುರುವಾಯಿತು.

‘ಬೀಳು’ ಧಾತುವಿಗೆ ನಾನು ಹುಡುಗರಿಗೆ ಹೇಳದೆ ಬಿಟ್ಟ ಇನ್ನೊಂದು ಪ್ರಯೋಗವುಂಟು: ಕಿವಿಗೆ ಬೀಳುವುದು. ಹುಣಸೂರು ಬರುವವರೆಗೆ ಅವಳ ಮಾತು ಒಂದೂ ಬೀಳಲಿಲ್ಲ. “ಹೌದು, ಹೌದು,” ಎಂದೆ. ಈ ಸಲ ತಿಳಿದೇ ಎಂದೆ.