ಮೇಡಂ ಟೈಪ್ ಹೊಡೆದ ಮೇಲ್ ಸರ್ವರ್

ಮೊನ್ನೆ ಆರ್.ಟಿ. ನಗರದ ನಮ್ಮ ಬೀದಿಯ ಟೈಲರ್ ಅಂಗಡಿಗೆ ಬ್ಲೌಸ್ ಇಸಿದುಕೊಳ್ಳಲು ಹೋಗಿದ್ದೆ. ಟೈಲರ್ ಭಾಯಿ ಹೊಲಿಗೆ ಮೆಷಿನ್‌ಗೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಿಂತಲ್ಲೇ ನಿಂತುಬಿಟ್ಟೆ. “ಇನ್ನೂ ಹುಕ್ ಹಾಕಿಲ್ಲ ಮೇಡಂ, ಹತ್ತು ನಿಮಿಷ ಕೂತ್ಕೊಳಿ,” ಅಂದರು. ಕೂತೆ. ಆ ಹತ್ತು ನಿಮಿಷವೂ ನನ್ನ ತಲೆಯ ತುಂಬ ನಮ್ಮ ಕೆಳಗಿನ ಮನೆಯ ಟೈಪಿಂಗ್ ಮೇಡಂ.

ಅವರು ಯಶವಂತಪುರದಲ್ಲಿ ವರ್ಷಗಟ್ಟಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಕಲಿಯುವವರು ಬರುವುದು ನಿಂತ ಮೇಲೆ ಅದನ್ನು ಮುಚ್ಚಿ, ಮೆಷಿನ್‌ಗಳನ್ನೆಲ್ಲ ಗುಜರಿಗೆ ಹಾಕಿ, ಒಂದನ್ನು ಮಾತ್ರ ಮನೆಗೆ ತಂದಿಟ್ಟುಕೊಂಡಿದ್ದರು. ಪ್ರತಿ ಶನಿವಾರ ಅದಕ್ಕೆ ಎಣ್ಣೆ ಬಿಟ್ಟು ಒರೆಸುತ್ತಿದ್ದರು. ಯಾರೂ ಮುಟ್ಟದ ಮೆಷಿನ್‌ಗೆ ಯಾಕೆ ಮೇಡಂ ಇಷ್ಟು ಸೇವೆ ಅಂದರೆ, “ನನ್ನ ಬೆರಳಿಗೆ ಎಣ್ಣೆ ಬಿಡಕ್ಕಾಗಲ್ವಲ್ಲಮ್ಮ, ಇದಕ್ಕಾದ್ರೂ ಬಿಡ್ತೀನಿ. ಇವೆರಡನ್ನೂ ಈಗ ಯಾರು ಕೇಳ್ತಾರೆ ಹೇಳು,” ಅನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೂ...

ನಾನೋ, ಮಹಾ ದುಡುಕಿನವಳು. ಮ್ಯಾನೇಜರ್ ಜೊತೆ ಜಗಳ ಆಡಿ ಕೆಲಸ ಬಿಟ್ಟು, ನನ್ನದೇ ಕಂಪನಿ ಮಾಡುತ್ತೇನೆ, ಸಣ್ಣಪುಟ್ಟ ಕಾರ್ಖಾನೆಗಳಿಗೆ ಅವರವರ ಸ್ವಂತ ಇಮೇಲ್ ಸರ್ವರ್ ಕಟ್ಟಿಕೊಡುತ್ತೇನೆ ಎಂದು ಊರಿಗೆಲ್ಲ ಜಂಬ ಕೊಚ್ಚಿಕೊಂಡಿದ್ದೆ. ಮೂರು ತಿಂಗಳು ನೊಣ ಹೊಡೆದ ಮೇಲೆ ಸಿಕ್ಕವರು ಒಬ್ಬರೇ, ಬಾಗಲಗುಂಟೆಯಲ್ಲಿ ಮೆಷಿನ್ ಬಿಡಿಭಾಗ ಮಾಡುವ ವರ್ಕ್‌ಶಾಪಿನ ಮಾಲೀಕರು. “ಸೋಮವಾರ ಬೆಳಗ್ಗೆ ಮೇಲ್ ಬರ್ಬೇಕು ಕಣ್ರೀ. ಬರ್ಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ,” ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ದರು. ಈ ಒಂದು ಕೆಲಸವೂ ಕೈತಪ್ಪಿದರೆ ಮತ್ತೆ ಅದೇ ಮ್ಯಾನೇಜರ್ ಮುಂದೆ ಹಲ್ಲು ಗಿಂಜಬೇಕಿತ್ತು.

ಆ ಸೋಮವಾರದ ಹಿಂದಿನ ಶುಕ್ರವಾರವೇ ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಮರಳಿನ ಮೇಲೆ ಸ್ಕೂಟರ್ ಜಾರಿ ನನ್ನ ಬಲಗೈ ಮಣಿಕಟ್ಟು ಮುರಿಯಿತು. ಮೊಣಕೈವರೆಗೆ ಪ್ಲಾಸ್ಟರ್. ಹಳೆಯ ಸಹೋದ್ಯೋಗಿಗಳನ್ನು ಕರೆಯೋಣವೆಂದರೆ ಅಷ್ಟು ಜಂಬ ಕೊಚ್ಚಿದ ಮೇಲೆ ಯಾವ ಮುಖ ಇಟ್ಟುಕೊಂಡು ಕರೆಯುವುದು?

ಶನಿವಾರ ಬೆಳಗ್ಗೆ ಎಡಗೈಯ ಒಂದೇ ಬೆರಳಿನಿಂದ ಅಕ್ಷರ ಕುಟ್ಟುತ್ತಾ, ತಪ್ಪಿದಾಗಲೆಲ್ಲ ನನ್ನನ್ನೇ ಬೈದುಕೊಳ್ಳುತ್ತಾ ಕೂತಿದ್ದೆ. ಮೇಡಂ ಸಾರಿನ ಪಾತ್ರೆ ಹಿಡಿದು ಮೇಲೆ ಬಂದರು. ಎರಡು ನಿಮಿಷ ನೋಡಿದರು, ಅವರಿಗೆ ತಡೆಯಲಾಗಲಿಲ್ಲ. “ಅಯ್ಯೋ, ಕೋಳಿ ಕಾಳು ಕುಕ್ಕಿದ ಹಾಗೆ ಕುಕ್ತಿದೀಯಲ್ಲಮ್ಮ! ಏಳು ಮೇಲೆ. ನೀನು ಹೇಳು, ನಾನು ಹೊಡೀತೀನಿ.”

ಹೊಡೆಯುವುದೇನು ಎಂದು ಮೊದಲು ವಿವರಿಸಬೇಕಲ್ಲ. ಕಂಟೇನರ್ ಅಂದರೆ ಒಂದು ಡಬ್ಬಿ ಮೇಡಂ, ಅಂದೆ. ಮೇಲ್ ಸರ್ವರ್‌ಗೆ ಬೇಕಾದದ್ದೆಲ್ಲ ಅದರೊಳಗೇ ತುಂಬಿರುತ್ತದೆ. ಬಾಡಿಗೆಗೆ ತೆಗೆದುಕೊಂಡ ಕಂಪ್ಯೂಟರಿನಲ್ಲಿ ಅದನ್ನು ಇಟ್ಟು ಓಡಿಸುವುದು, ಕೆಟ್ಟರೆ ಬಿಸಾಕಿ ಅಂಥದ್ದೇ ಹೊಸ ಡಬ್ಬಿ ಇಡುವುದು. ಡಬ್ಬಿ ಹೇಗೆ ನಡೆಯಬೇಕು ಎಂದು ಹೇಳುವ ಒಂದು ಫೈಲ್ ಬರೆಯಬೇಕು, ಅಷ್ಟೇ. ಅವರು ಕನ್ನಡಕ ಒರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು.

ಆಹಾ, ಆ ವೇಗ! ಕಣ್ಣು ನನ್ನ ಬಾಯಿಯ ಮೇಲೆ, ಕೀಲಿಗಳ ಕಡೆಗೆ ಒಂದು ಸಲವೂ ನೋಟವಿಲ್ಲ. ಲ್ಯಾಪ್‌ಟಾಪ್ ಮುರಿದೇ ಹೋಗುತ್ತದೇನೋ ಅನ್ನುವ ಹಾಗೆ ಟಪಟಪ ಬಡಿಯುತ್ತಿದ್ದರು. ಪ್ರತಿ ಸಾಲು ಮುಗಿದಾಗಲೂ ಅವರ ಎಡಗೈ ತಾನಾಗಿ ಮೇಲೆದ್ದು, ಅಲ್ಲಿಲ್ಲದ ಟೈಪ್‌ರೈಟರಿನ ಹಿಡಿಯನ್ನು ಬಲಕ್ಕೆ ತಳ್ಳುತ್ತಿತ್ತು. ಮೂರನೆಯ ಸಾಲಿಗೇ ನನ್ನ ಕಾಫಿ ಲೋಟ ನೆಲಕ್ಕೆ ಬಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವರ ಎಡಗಡೆ ಏನನ್ನೂ ಇಡಲಿಲ್ಲ.

ಮುಗಿಸಿ, ನೋವಿನ ಮಾತ್ರೆ ನುಂಗಿ ನಾನು ಒಂದು ಗಂಟೆ ಮಲಗಿದೆ. ಎದ್ದು ಓಡಿಸಿದರೆ ಕಂಟೇನರ್ ಏಳಲೇ ಇಲ್ಲ. ಫೈಲ್ ತೆರೆದು ನೋಡಿದೆ. ಅಂಥ ಫೈಲಿನಲ್ಲಿ ಸಾಲಿನ ಮುಂದೆ ಬಿಡುವ ಖಾಲಿ ಜಾಗಕ್ಕೂ ಅರ್ಥವಿರುತ್ತದೆ. ಯಾವುದು ಯಾವುದರೊಳಗೆ ಸೇರಿದ್ದು ಎಂದು ಕಂಪ್ಯೂಟರಿಗೆ ತಿಳಿಯುವುದೇ ಅದರಿಂದ. ಈಗ ನೋಡಿದರೆ ಸಾಲುಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಎಡಕ್ಕೆ ಒಂದೇ ಗೆರೆಯಲ್ಲಿ ನಿಂತಿವೆ! ನಾನು ಮಲಗಿದ್ದಾಗ ಮೇಡಂ ಕೂತು ಫೇರ್ ಕಾಪಿ ಮಾಡಿದ್ದರು.

“ವಕ್ರವಕ್ರ ಇತ್ತು ಕಣಮ್ಮ, ಮಾರ್ಜಿನ್ ಸರಿ ಮಾಡ್ದೆ,” ಅಂದರು, ಹೆಮ್ಮೆಯಿಂದ.

ನಾನು ಕಿರುಚಿಬಿಟ್ಟೆ. “ಹಾಳು ಮಾಡಿಬಿಟ್ರಲ್ಲ ಮೇಡಂ! ಗೊತ್ತಿಲ್ಲದ ಕೆಲಸಕ್ಕೆ ಯಾಕೆ ಕೈ ಹಾಕ್ತೀರ?”

ಅವರು ಸಾರಿನ ಪಾತ್ರೆ ಎತ್ತಿಕೊಂಡು ಕೆಳಗಿಳಿದು ಹೋದರು. ಅಷ್ಟು ದೊಡ್ಡವರಿಗೆ, ಅದೂ ಸಹಾಯಕ್ಕೆ ಬಂದವರಿಗೆ ಆಡುವ ಮಾತೇ ಅದು? ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ.

ಭಾನುವಾರ ಬೆಳಗ್ಗೆ ತಲೆ ತಗ್ಗಿಸಿಕೊಂಡು ಅವರ ಬಾಗಿಲಿಗೆ ಹೋದೆ. ಹಿಂದಿನ ದಿನ ನನ್ನಿಂದಾಗಿ ತಪ್ಪಿದ್ದ ಎಣ್ಣೆ ಬಿಡುವ ಕೆಲಸದಲ್ಲಿದ್ದರು. ಮನೆ ತುಂಬ ಅದೇ ವಾಸನೆ. ತಪ್ಪಾಯಿತು ಮೇಡಂ, ಅಂದೆ.

“ನಮ್ಮಲ್ಲಿ ಮಾರ್ಜಿನ್ ವಕ್ರ ಆದ್ರೆ ಮಾರ್ಕ್ಸ್ ಕಟ್. ಖಾಲಿ ಜಾಗಕ್ಕೂ ಅರ್ಥ ಇದೆ ಅಂತ ನೀನು ಹೇಳ್ಲಿಲ್ಲ,” ಅಂದರು, ತಲೆಯೆತ್ತದೆ. ಆಮೇಲೆ ಬಟ್ಟೆ ಮಡಿಸಿಟ್ಟು, “ನಿನ್ನೆಯಿಂದ ಒಂದೇ ಯೋಚನೆ. ಕೆಟ್ಟರೆ ಡಬ್ಬಿ ಬಿಸಾಕ್ತೀವಿ ಅಂದ್ಯಲ್ಲ, ಒಳಗಿರೋ ಕಾಗದಗಳ ಗತಿ ಏನು?” ಎಂದು ಕೇಳಿದರು.

ಫೈಲಿನ ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಂಡೆ. ಬಂದ ಪತ್ರಗಳನ್ನು ಡಬ್ಬಿಯ ಹೊರಗೆ ಬೇರೆಡೆ ಉಳಿಸು ಎಂದು ಹೇಳುವ ಸಾಲನ್ನೇ ನಾನು ಗಡಿಬಿಡಿಯಲ್ಲಿ ಬಿಟ್ಟಿದ್ದೆ. ಹಾಗೇ ಕೊಟ್ಟಿದ್ದರೆ ಮುಂದೊಂದು ದಿನ ಡಬ್ಬಿ ಬದಲಿಸಿದಾಗ ಆ ಮಾಲೀಕರ ಪತ್ರವ್ಯವಹಾರವೆಲ್ಲ ಮಣ್ಣುಪಾಲು. ನೊಂದುಕೊಂಡು ಹೋದವರು ನನ್ನ ಕೆಲಸದ ಬಗ್ಗೆಯೇ ಯೋಚಿಸುತ್ತಾ ಕೂತಿದ್ದರಲ್ಲ! ಮೇಡಂ ಕಾಲಿಗೆ ಬೀಳಲು ಹೋಗಿ, ಪ್ಲಾಸ್ಟರ್ ಕೈ ಮೇಜಿಗೆ ಬಡಿದು “ಅಮ್ಮಾ” ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ.

ಆ ದಿನ ಪ್ರತಿ ಸಾಲಿಗೂ ಎಷ್ಟು ಜಾಗ ಎಂದು ನನ್ನಿಂದ ಹೇಳಿಸಿ ಹೊಡೆದರು. “ಮೇಲಿಂದಕ್ಕೆ ಎರಡು ಅಂದೆ, ಇದಕ್ಕೆ ಮೂರು ಅಂತೀಯ. ಯಾವುದಮ್ಮ ಸರಿ?” ಎಂದು ನನ್ನನ್ನೇ ತಿದ್ದಿದರು. ಮಧ್ಯಾಹ್ನದ ಹೊತ್ತಿಗೆ ಕಂಟೇನರ್ ಎದ್ದಿತು. ನನ್ನ ಹಳೆಯ ವಿಳಾಸಕ್ಕೆ ಕಳಿಸಿದ ಮೊದಲ ಮೇಲ್ ಮಾತ್ರ ನೇರವಾಗಿ ಸ್ಪ್ಯಾಮ್‌ಗೆ ಹೋಗಿ ಬಿತ್ತು. ಹೊಸ ಸರ್ವರನ್ನು ಯಾರೂ ಸುಲಭವಾಗಿ ನಂಬುವುದಿಲ್ಲ ಎಂದು ಹೇಳುವಷ್ಟರಲ್ಲಿ ಅವರೇ, “ಸಹಿ, ಸೀಲು ಇಲ್ದೆ ಕಳಿಸಿದ್ರೆ ಯಾರು ತಗೋತಾರೆ?” ಅಂದರು. ಅದೇ ಆಗಬೇಕಿದ್ದದ್ದು. ಪತ್ರ ನಮ್ಮದೇ ಎಂದು ಸಾರುವ ಸಹಿಯನ್ನು ಸರ್ವರ್‌ಗೆ ಜೋಡಿಸಿದೆವು. ಸಂಜೆ ಐದಕ್ಕೆ ಮೇಲ್ ಇನ್‌ಬಾಕ್ಸಿನಲ್ಲೇ ಬಂದು ಕೂತಿತು.

ಸೋಮವಾರ ಬೆಳಗ್ಗೆ ಮಾಲೀಕರ ಫೋನ್. ಪಕ್ಕದಲ್ಲಿದ್ದ ಮೇಡಂಗೂ ಕೇಳಲೆಂದು ಸ್ಪೀಕರ್ ಹಾಕಿದೆ. “ಬಂತು ಕಣ್ರೀ! ಆಗ್ಲೇ ಮೇಲಲ್ಲಿ ಎರಡು ಆರ್ಡರ್ ಬಂದಿವೆ. ಪಕ್ಕದ ವರ್ಕ್‌ಶಾಪಿನವರಿಗೂ ಬೇಕಂತೆ, ಮಾಡ್ಕೊಡ್ತೀರಾ?” ನಾನು ಬಾಯಿ ತೆರೆಯುವ ಮೊದಲೇ ಮೇಡಂ, “ಮಾಡ್ಕೊಡ್ತೀವಿ,” ಅಂದುಬಿಟ್ಟರು.

ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಕೈ ಚೆನ್ನಾಗಿಯೇ ಇತ್ತು. ಆದರೆ ದಿನಾ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ತಲೆ ಬಾಚಿ, ಇಸ್ತ್ರಿ ಸೀರೆ ಉಟ್ಟು ಡ್ಯೂಟಿಗೆ ಬರುವವರಿಗೆ ನಾಳೆಯಿಂದ ಬೇಡ ಎಂದು ಹೇಗೆ ಹೇಳುವುದು? ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಂಡೆ. ಡಾಕ್ಟರು ಇನ್ನೂ ಟೈಪ್ ಮಾಡಬೇಡ ಅಂದಿದ್ದಾರೆ ಎಂದು ಸುಳ್ಳು ಹೇಳಿದೆ. ಹಾಗೇ ಒಂದೂವರೆ ವರ್ಷ! ನಾನು ಹೇಳುವುದು, ಅವರು ಹೊಡೆಯುವುದು. ನಡುವೆ ಕಾಫಿ, ಬೀದಿಯ ಸುದ್ದಿ, ನನ್ನ ಉಚ್ಚಾರಣೆಯ ತಮಾಷೆ...

ಆಮೇಲೆ ಒಂದು ಬೆಳಗ್ಗೆ ಹತ್ತಾದರೂ ಅವರು ಬರಲಿಲ್ಲ. ಎದ್ದವರು ಕಾಫಿಗೆ ಹಾಲಿಟ್ಟು ಕುರ್ಚಿಯಲ್ಲಿ ಕೂತಿದ್ದರಂತೆ, ಅಷ್ಟೇ.

ವೈಕುಂಠ ಸಮಾರಾಧನೆಯ ದಿನ ಅವರ ತಂಗಿ ನನ್ನ ಪಕ್ಕ ಬಂದು ಕೂತರು. ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದರು. “ನೀನೇನಾ ಅದು? ಅಕ್ಕ ಫೋನಲ್ಲಿ ಹೇಳಿ ಹೇಳಿ ನಗ್ತಿದ್ಲು. ‘ಆ ಹುಡುಗಿ ಕೈ ಯಾವತ್ತೋ ವಾಸಿಯಾಗಿದೆ ಕಣೇ, ಒಂದಿನ ಬ್ಯಾಂಡೇಜ್ ಎಡಗೈಗೆ ಸುತ್ಕೊಂಡು ಕೂತಿದ್ಲು. ನಂಗೆ ಗೊತ್ತಾಯ್ತು ಅಂದ್ರೆ ಎಲ್ಲಿ ಬರಬೇಡಿ ಅಂತಾಳೋ ಅಂತ ನಾನೂ ಸುಮ್ನಿದೀನಿ,’ ಅನ್ನೋಳು.” ಎಲೆಯ ಮುಂದೆ ಕೂತು ನಾನು ನಗುತ್ತಾ ಅತ್ತೆ, ಅಳುತ್ತಾ ನಕ್ಕೆ.

ಈಗ ಹದಿನಾರು ಕಾರ್ಖಾನೆಗಳ ಮೇಲ್ ಸರ್ವರ್ ನೋಡಿಕೊಳ್ಳುತ್ತೇನೆ. ಎಲ್ಲವನ್ನೂ ನಾನೇ ಟೈಪ್ ಮಾಡುತ್ತೇನೆ. ಹೇಳಿ ಬರೆಸುವ ರಗಳೆಯಿಲ್ಲ, ಆಗ ಮಧ್ಯಾಹ್ನದವರೆಗೆ ಹಿಡಿಯುತ್ತಿದ್ದ ಕೆಲಸ ಹನ್ನೊಂದಕ್ಕೆಲ್ಲ ಮುಗಿದುಹೋಗುತ್ತದೆ. ಮುಗಿದ ಮೇಲೆ ಎರಡು ಗಂಟೆ ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಕೂತಿರುತ್ತೇನೆ.