ಖಂಡನೆಗೆ ಸಿಕ್ಕದ ದಾನಿಯೇಲಪ್ಪ

ನನಗೆ ವಾದ ಮಾಡುವ ಚಟವಿದೆ. ನಶ್ಯದಂತೆ ಇದರಿಂದ ಅಂಗಿ ಕೊಳೆಯಾಗುವುದಿಲ್ಲ, ಎಲೆಯಡಿಕೆಯಂತೆ ಹಲ್ಲು ಕೆಡುವುದಿಲ್ಲ. ಹೀಗಾಗಿ ನಮ್ಮ ಮನೆತನದಲ್ಲಿ ಇದನ್ನು ಚಟವೆನ್ನದೆ ಪಾಂಡಿತ್ಯವೆನ್ನುತ್ತಾರೆ. ಅಜ್ಜ ಪುರಾಣ ಹೇಳುತ್ತಿದ್ದರು, ಅಪ್ಪ ಪಂಚಾಂಗ ಹೇಳುತ್ತಿದ್ದರು. ಬೈಲಹೊಂಗಲದಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿ ಶಾಲಾ ಮಾಸ್ತರನಾಗಿದ್ದ ನಾನು, ಯಾರು ಕೇಳಲಿ ಬಿಡಲಿ, ಎಲ್ಲವನ್ನೂ ಹೇಳುತ್ತಿದ್ದೆ.

ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿರಬೇಕು. ನಮ್ಮೂರಿಗೆ ದಾನಿಯೇಲಪ್ಪನೆಂಬ ಕ್ರೈಸ್ತ ಪ್ರಚಾರಕ ಬಂದು ಮನೆ ಹಿಡಿದ. ಗದಗಿನ ಕಡೆಯವನು, ನಲವತ್ತರ ಆಸುಪಾಸು, ತಲೆಗೆ ಬಿಳಿ ರುಮಾಲು, ಹೆಗಲಿಗೊಂದು ಚೀಲ. ಅವನು ಬಂದ ವಾರದಲ್ಲೇ ಊರಲ್ಲಿ ಒಂದು ಪವಾಡ ನಡೆಯಿತು. ದ್ವೈತ ದೊಡ್ಡದೋ ಶಕ್ತಿವಿಶಿಷ್ಟಾದ್ವೈತ ದೊಡ್ಡದೋ ಎಂದು ವರ್ಷಗಟ್ಟಲೆ ಮುಖ ತಿರುವಿಕೊಂಡಿದ್ದ ಭೀಮಾಚಾರ್ಯರೂ ಅರಳೆ ವ್ಯಾಪಾರಿ ಗುರಸಿದ್ಧಪ್ಪನವರೂ ಒಂದೇ ಕಟ್ಟೆಯ ಮೇಲೆ ಕುಳಿತರು. ಬಂದವನನ್ನು ವಾದದಲ್ಲಿ ಸೋಲಿಸಿ ಕಳಿಸಬೇಕೆಂದು ಇಬ್ಬರೂ ಒಮ್ಮತದಿಂದ ನಿಶ್ಚಯಿಸಿ, ಹೊಣೆಯನ್ನು ನನಗೆ ವಹಿಸಿದರು.

ನಮ್ಮ ತರ್ಕಶಾಸ್ತ್ರದಲ್ಲಿ ಒಂದು ಕ್ರಮವುಂಟು. ಮೊದಲು ಎದುರಾಳಿ ತನ್ನ ಮಾತು ಮಂಡಿಸಬೇಕು, ಅದು ಪೂರ್ವಪಕ್ಷ. ಆಮೇಲೆ ನಮ್ಮ ಖಂಡನೆ. ನಾನು ಹನ್ನೆರಡು ಪುಟ ಖಂಡನೆ ಬರೆದಿಟ್ಟುಕೊಂಡು ಪೂರ್ವಪಕ್ಷಕ್ಕಾಗಿ ಕಾದೆ. ದಾನಿಯೇಲಪ್ಪ ಬಾಯಿಯನ್ನೇ ಬಿಡಲಿಲ್ಲ! ಕಣದಲ್ಲಿ ಯಾರಾದರೂ ಜೋಳ ತೂರುತ್ತಿದ್ದರೆ ಬುಟ್ಟಿ ಎತ್ತಿಕೊಡುತ್ತಿದ್ದ. ಎರೆಮಣ್ಣಿನಲ್ಲಿ ಚಕ್ಕಡಿ ಹೂತರೆ ಗಾಲಿಗೆ ಕೈ ಹಾಕುತ್ತಿದ್ದ. ಕೆಲಸ ಮುಗಿದೊಡನೆ "ಬರತೇನ್ರಿ" ಎಂದು ಹೊರಟುಬಿಡುತ್ತಿದ್ದ.

"ಇದು ಭಾಳ ಆಳದ ಹಂಚಿಕಿ ಅದ" ಎಂದರು ಆಚಾರ್ಯರು.

"ಮಾತಾಡೋರನ್ನ ಸುಮ್ನ ಕೂಡಸಬಹುದ್ರಿ" ಎಂದರು ಗುರಸಿದ್ಧಪ್ಪ. "ಸುಮ್ನ ಇದ್ದೋರನ್ನ ಏನ್ ಮಾಡೂದು?"

ಕಡೆಗೊಮ್ಮೆ ಅವನು ಬಾಯಿ ಬಿಟ್ಟ. ಅದೂ ನೀರಿನ ವಿಷಯಕ್ಕೆ. ನಮ್ಮೂರಿನ ಬಾವಿಗೆ ಪಾವಟಿಗೆಗಳಿದ್ದವು. ಜನ ಇಳಿದು ಹೋಗಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದರು. "ಕಾಲಾಗ ಹುಳಾ ಏಳೂ ನಾರುಹುಣ್ಣು ಈ ನೀರಿನಿಂದನ ಬರತೈತ್ರಿ. ಹುಣ್ಣಾದ ಕಾಲು ಇದರಾಗ ಇಡಬ್ಯಾಡ್ರಿ. ನೀರು ಅರಿವ್ಯಾಗ ಸೋಸಿ ಕುಡೀರಿ" ಎಂದ. ಇದಕ್ಕೆ ನನ್ನ ಹನ್ನೆರಡು ಪುಟಗಳಲ್ಲಿ ಉತ್ತರವಿರಲಿಲ್ಲ. ಆದರೂ ಅಭ್ಯಾಸಬಲದಿಂದ, ನಮ್ಮ ಹಿರಿಯರು ಸೋಸದೆ ಕುಡಿದೇ ನೂರು ವರ್ಷ ಬಾಳಿದರೆಂದು ಖಂಡಿಸಿದೆ. ಜನ ತಲೆದೂಗಿದರು. ನಾನು ಗೆದ್ದೆ.

ಮರುವರ್ಷ ಬೇಸಿಗೆಯಲ್ಲಿ ನನ್ನ ಎಡಗಾಲಿನ ಮೇಲೆ ಬೊಬ್ಬೆ ಎದ್ದಿತು. ಕೆಂಡ ಇಟ್ಟಂಥ ಉರಿ. ಎರಡು ದಿನಕ್ಕೆ ಅದು ಒಡೆದು, ಬಿಳಿ ನೂಲಿನಂಥ ಹುಳದ ತುದಿ ಹೊರಗಿಣುಕಿತು. ಆಚಾರ್ಯರು ಮಂತ್ರಾಕ್ಷತೆ ಕಳಿಸಿದರು, ಗುರಸಿದ್ಧಪ್ಪನವರು ವಿಭೂತಿ ಕಳಿಸಿದರು. ತಾನೇ ಬಂದವನು ದಾನಿಯೇಲಪ್ಪ ಒಬ್ಬನೇ.

ನಮ್ಮ ಮನೆಯ ಹೊರಗಟ್ಟೆಯ ಮೇಲೆ ಕುಳಿತು, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದ. ಹುಳದ ತುದಿಯನ್ನು ಸಣ್ಣ ಕಡ್ಡಿಯೊಂದಕ್ಕೆ ಸುತ್ತಿ, ಎರಡು ಬೆರಳಿನಷ್ಟು ಎಳೆದು, ಬಟ್ಟೆ ಕಟ್ಟಿದ. "ದಿನಾ ಇಷ್ಟಿಷ್ಟ ತಗೀಬೇಕ್ರಿ ಮಾಸ್ತರ. ಅವಸರ ಮಾಡಿ ಹರದ್ರ ಕಾಲು ಬಾತು ಕೀವಾಗತೈತಿ. ಸೊಟ್ಟ ಆದ್ರೂ ಆತು" ಎಂದ. ದಿನವೂ ಅವನು ಅತ್ತ ಹೋದೊಡನೆ ನನ್ನ ತಾಯಿ ಮೈಲಿಗೆಯೆಂದು ಕಟ್ಟೆಗೆ ಕೊಡ ನೀರು ಸುರಿಯುತ್ತಿದ್ದಳು. ಎಂಟನೆಯ ದಿನ ಸುರಿಯುವುದನ್ನು ಮರೆತಳು. ಒಂಬತ್ತನೆಯ ದಿನ, ಮರೆತದ್ದು ನೆನಪಾದರೂ ಮರೆತಳು.

ದಿನವೂ ಅರ್ಧ ತಾಸು ಎದುರಾಳಿ ಕೈಗೆ ಸಿಕ್ಕಂತಾಯಿತು. ನಿಜ ಹೇಳಬೇಕೆಂದರೆ ನಾನೇ ಅವನ ಕೈಗೆ ಸಿಕ್ಕಿದ್ದೆ. ಒಂದು ದಿನ ಶುರು ಮಾಡಿದೆ: "ನಿಮ್ಮ ತ್ರಿಯೇಕ ದೇವರ ವಿಷಯದಾಗ ನಂದೊಂದು ಆಕ್ಷೇಪಣೆ ಅದ."

"ಮಾಡ್ರಿ ಮಾಸ್ತರ. ಆದ್ರ ಕಾಲು ಅಲಗ್ಯಾಡಸಬ್ಯಾಡ್ರಿ."

ಕೈಕಾಲು ಆಡಿಸದೆ ವಾದ ಮಾಡಲು ನನಗೆ ಬರುವುದಿಲ್ಲವೆಂಬುದು ಅಂದು ತಿಳಿಯಿತು.

ಹನ್ನೊಂದನೆಯ ದಿನ ನನ್ನ ತಾಳ್ಮೆ ಹೋಯಿತು. "ಇಷ್ಟೆಲ್ಲಾ ಮಾಡೂದು ನನ್ನ ನಿಮ್ಮ ಮತಕ್ಕ ಸೇರಿಸ್ಲಿಕ್ಕೇನು? ಬಾಯಿ ಬಿಟ್ಟು ಹೇಳ್ರಲ್ಲ!"

ಕಡ್ಡಿಯಿಂದ ಕಣ್ಣು ತೆಗೆಯದೆಯೇ ಹೇಳಿದ: "ನನ್ನ ಸ್ವಾಮಿ ತನ್ನ ಶಿಷ್ಯರ ಕಾಲು ತೊಳದಾನ್ರಿ. ಅದನ್ನ ಚಂದಾಗಿ ಹೇಳಾಕ ನನಗ ಬರೂದಿಲ್ಲ, ಅದಕ್ಕ ಮಾಡತೇನಿ. ನೀವೂ ಅಂವನ್ನ ನಂಬಿದ್ರ ನನಗ ಸಂತೋಷನ. ನಂಬದಿದ್ರೂ ಹುಳಾ ಪೂರಾ ತಗದ ಹೋಗತೇನಿ."

ವರ್ಷದಿಂದ ಕಾಯುತ್ತಿದ್ದ ಪೂರ್ವಪಕ್ಷ ಬಂದಿತ್ತು. ಖಂಡಿಸಲು ಬಾಯಿ ತೆರೆದೆ. "ನಾಳೆ ಎಷ್ಟೊತ್ತಿಗೆ ಬರತೀರಿ?" ಎಂದಷ್ಟೇ ಕೇಳಿದೆ. ಕಾಲಿನ ಉರಿಯಿಂದ ವಾದ ಮರೆತೆನೆಂದು ತಾಯಿಗೆ ಹೇಳಿದೆ. ಅಂದಿನಿಂದ ನನ್ನ ಬಾಯಲ್ಲಿ ಅವರು ದಾನಿಯೇಲಪ್ಪನವರಾದರು.

ಹತ್ತೊಂಬತ್ತನೆಯ ದಿನ ಹುಳ ಪೂರ್ತಿ ಹೊರಬಂತು. ನಾನು ಮತ ಬದಲಿಸಲಿಲ್ಲ. ಇಂದಿಗೂ ಸಂಧ್ಯಾವಂದನೆ ತಪ್ಪಿಸುವುದಿಲ್ಲ. ಆದರೆ ಕುಂಟುವುದು ನಿಂತ ಮೇಲೆ ಬಾವಿಯ ಬಳಿ ಜನ ಸೇರಿಸಿ, ನೀರು ಸೋಸಿ ಕುಡಿಯಿರೆಂದು ಒಂದು ತಾಸು ಭಾಷಣ ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿ, ಪಾವಟಿಗೆ ಇಳಿದು, ಕೊಡ ತುಂಬಿಕೊಂಡು ಹೋದರು.

ಅದೇ ತಿಂಗಳು ಊರ ಹೊರಗಿನ ಕೇರಿಯ ಯಮನಪ್ಪನಿಗೆ ನಾರುಹುಣ್ಣಾಯಿತು. ದಾನಿಯೇಲಪ್ಪನವರು ಸವದತ್ತಿಯ ಕಡೆ ಹೋಗಿದ್ದರು. ಹೋಗಲೋ ಬೇಡವೋ ಎಂದು ನನ್ನೊಡನೆ ನಾನೇ ಎರಡು ದಿನ ವಾದ ಮಾಡಿದೆ. ಮೂರನೆಯ ದಿನ ವಾದ ಬಿಟ್ಟು ಕಡ್ಡಿ ಹಿಡಿದು ಹೋದೆ. ಯಮನಪ್ಪ ಗಾಬರಿಯಿಂದ ಕಾಲು ಹಿಂದಕ್ಕೆಳೆದುಕೊಂಡ. ಹಿಡಿದು ತೊಡೆಯ ಮೇಲಿಟ್ಟುಕೊಂಡೆ. ಅವನು ಅತ್ತಿತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲನೆ ಕೇಳಿದ:

"ಖರೇ ಹೇಳ್ರಿ ಮಾಸ್ತರ, ನಾ ಯಾರ ಮುಂದೂ ಅನ್ನೂದಿಲ್ಲ. ನೀವು ಯಾವಾಗ ಕಿರಿಸ್ತಾನರಾದ್ರಿ?"

ನಗು ಬಂತು. ಕೈ ನಡುಗಿ ಹುಳ ಹರಿದೀತೆಂದು ನುಂಗಿಕೊಂಡೆ. ನುಂಗಿದ ಮೇಲೆ ನಗು ಉಳಿಯಲಿಲ್ಲ. ಅವನು ಹಾಗೆ ಕೇಳಿದ್ದರಲ್ಲಿ ತಪ್ಪೇನಿತ್ತು? ನಮ್ಮ ಪೈಕಿ ಯಾರೂ ಅದುವರೆಗೆ ಅವನ ಕಾಲು ಮುಟ್ಟಿರಲಿಲ್ಲ.